ಟೇಪಿನ ಕೆಳಗಿನ ತಾಮ್ರ

ಹಳೆಯ ಡೀಸೆಲ್ ಲಾರಿ ಓಡಲು ಕರೆಂಟ್ ಬೇಕಿಲ್ಲ. ಸೆಲ್ಫ್ ತಿರುಗಿ ಎಂಜಿನ್ ಒಮ್ಮೆ ಶುರುವಾಯಿತೆಂದರೆ ಆಮೇಲೆ ಬ್ಯಾಟರಿ ಸತ್ತರೂ ಲಾರಿ ನಿಲ್ಲುವುದಿಲ್ಲ. ಪೆಟ್ರೋಲ್ ಎಂಜಿನ್ನಿಗೆ ಪ್ರತಿ ಸಲವೂ ಕಿಡಿ ಬೇಕು. ಡೀಸೆಲ್ ಹೊತ್ತಿಕೊಳ್ಳುವುದು ಸಿಲಿಂಡರಿನೊಳಗೆ ಗಾಳಿಯನ್ನು ಹದಿನೈದು ಹದಿನೇಳು ಪಟ್ಟು ಅದುಮಿದಾಗ ಹುಟ್ಟುವ ಶಾಖದಿಂದಲೇ. ಡೀಸೆಲನ್ನು ಅಳೆದು, ಹೊತ್ತು ನೋಡಿ ಚಿಮ್ಮಿಸುವ ಪಂಪು ಕೂಡ ಎಂಜಿನ್ನಿನ ಗೇರುಗಳಿಂದಲೇ ತಿರುಗುವ ಯಂತ್ರ. 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋ ಕಂಪನಿ ಈ ಪಂಪುಗಳನ್ನು ನಮ್ಮ ನೆಲದಲ್ಲೇ ತಯಾರಿಸತೊಡಗಿದ ಮೇಲೆ 'ಮೈಕೋ ಪಂಪು' ಎಂಬ ಮಾತು ನಮ್ಮ ಡ್ರೈವರುಗಳ ಬಾಯಲ್ಲಿ ನೆಲೆಯಾಯಿತು. ಆ ಕಾಲದ ಎಷ್ಟೋ ಲಾರಿಗಳಲ್ಲಿ ಎಂಜಿನ್ ಆರಿಸುವುದಕ್ಕೂ ಕೀಲಿಯಿರಲಿಲ್ಲ, ಡ್ಯಾಶ್‌ಬೋರ್ಡಿನ ಕೆಳಗೆ ಎಳೆಯುವ ಒಂದು ಗುಂಡಿ ಇರುತ್ತಿತ್ತು.

ಈ ಗಟ್ಟಿತನ ಡೀಸೆಲ್ ಲಾರಿಯ ದೊಡ್ಡ ಗುಣ. ಆದರೆ ಅದರ ವೈರಿಂಗಿಗೆ ಇದೇ ಶಾಪವಾಯಿತು. ಎಂಜಿನ್ ಕೆಮ್ಮಿದರೆ ಅಂದೇ ಮೆಕ್ಯಾನಿಕ್ ಬರುತ್ತಾನೆ, ಬಾಡಿಗೆ ನಿಲ್ಲುತ್ತದಲ್ಲ. ವೈರಿಂಗ್ ಕೆಟ್ಟರೆ ಬಾಡಿಗೆ ನಿಲ್ಲುವುದಿಲ್ಲ, ಬೆಳಕು ಮಾತ್ರ ಮಂಕಾಗುತ್ತದೆ. ಮಂಕು ಬೆಳಕಿನಲ್ಲೇ ಅಜ್ಜಂಪುರದ ಈರುಳ್ಳಿ ಯಶವಂತಪುರದ ಮಾರುಕಟ್ಟೆ ಸೇರುತ್ತದೆ, ಕಡೂರು ಬೀರೂರಿನ ಕೊಬ್ಬರಿ ತಿಪಟೂರಿಗೆ ಹೋಗುತ್ತದೆ, ತರೀಕೆರೆಯ ಅಡಿಕೆ ಶಿವಮೊಗ್ಗ ಮುಟ್ಟುತ್ತದೆ.

ಈ ಅಧ್ಯಾಯದ ಲಾರಿ ಅಂಥದೇ ಒಂದು. 12 ವೋಲ್ಟಿನ ಹಳೆಯ ಮಿನಿ ಲಾರಿ, ಪರಿಚಯದ ರೈತರೊಬ್ಬರು ಎರಡನೆಯದೋ ಮೂರನೆಯದೋ ಕೈಯಿಂದ ಕೊಂಡದ್ದು. ಕಡೂರಿನಲ್ಲಿ ಬಿ.ಎಚ್. ರಸ್ತೆಯ ಪಕ್ಕದ ಗ್ಯಾರೇಜಿನಲ್ಲಿ ತುಕ್ಕು ಕೆರೆದು ಬಣ್ಣ ಬಳಿಯಲೆಂದು ಅದರ ಕ್ಯಾಬಿನ್ ಬಿಚ್ಚಿದ್ದರು. ವೈರಿಂಗ್ ಯಾರ ಯೋಜನೆಯಲ್ಲೂ ಇರಲಿಲ್ಲ. ಆದರೆ ಲಾರಿಯ ಮೇಲೆ ಮೂರು ಹಳೆಯ ದೂರುಗಳಿದ್ದವು. ಹೆಡ್‌ಲೈಟು ಹೊಸ ಬಲ್ಬು ಹಾಕಿದರೂ ಹಳದಿಯಾಗಿಯೇ ಉರಿಯುತ್ತಿತ್ತು. ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟು ಮಂಕಾಗಿ ಹೊತ್ತಿಕೊಳ್ಳುತ್ತಿತ್ತು, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಅದರ ತಾಳಕ್ಕೆ ಮಿಣುಕುತ್ತಿದ್ದವು. ಮೂರನೆಯದು ವಿಚಿತ್ರ: ಚಳಿಗಾಲದ ಬೆಳಗ್ಗೆ ಸೆಲ್ಫ್ ಹೊಡೆದು ಹೊಡೆದು ಶುರು ಮಾಡಿದ ದಿನ ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಬಿಸಿ.

ಇಷ್ಟು ವರ್ಷ ಈ ಮೂರಕ್ಕೂ ಒಂದೇ ಉತ್ತರ ಕೇಳಿಬಂದಿತ್ತು: "ಯಾರೋ ವೈರಿಂಗ್ ಕೆಡಿಸಿಟ್ಟವ್ರೆ." ಬೈಗುಳವೆಲ್ಲ ರಸ್ತೆಬದಿಯ ಎಲೆಕ್ಟ್ರಿಷಿಯನ್ನುಗಳ ಪಾಲಿಗೆ. ಎಂಜಿನ್ ಕಡೆಯಿಂದ ಡ್ಯಾಶ್‌ಬೋರ್ಡಿಗೆ ಹೋಗುವ ದಪ್ಪನೆಯ ತಂತಿಕಟ್ಟನ್ನು ಬಿಚ್ಚಿ ನೆಲದ ಮೇಲೆ ಹಾಸಿಕೊಂಡು ಕೂತ ಮೇಸ್ತ್ರಿ, ಟೇಪು ಸುಲಿಯುತ್ತ ಸುಲಿಯುತ್ತ ಒಂದು ಕಡೆ ನಿಲ್ಲಿಸಿ ಹೇಳಿದರು: "ನೋಡಿ ಸಾರ್, ಇದು ನಮ್ಮೋರು ಮಾಡಿದ್ದಲ್ಲ. ಇದು ಕಂಪನಿದೇ."

ಅದನ್ನು ಅವರು ಹೇಗೆ ಹೇಳಿದರು? ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಇದು ಅಪರಾಧ ಪತ್ತೆಯಷ್ಟೇ ಕಟ್ಟುನಿಟ್ಟಾದ ತರ್ಕ.

ರಸ್ತೆಬದಿಯಲ್ಲಿ ಸುತ್ತುವ ಕಪ್ಪು ಟೇಪಿಗೆ ಗೋಂದು ಇರುತ್ತದೆ. ಎಂಜಿನ್ ಶಾಖಕ್ಕೆ ಅದು ಕರಗಿ ಅಂಚಿನಲ್ಲಿ ಒಸರುತ್ತದೆ, ಅದರ ಮೇಲೆ ಧೂಳು ಹತ್ತುತ್ತದೆ. ಈ ತಂತಿಕಟ್ಟಿನಲ್ಲಿ ಆ ಟೇಪು ಹೊರಗಡೆ ಅಲ್ಲಲ್ಲಿ ಇತ್ತು. ಅದರ ಕೆಳಗೆ ಬೇರೆಯೇ ಟೇಪು, ಗೋಂದಿಲ್ಲದ ಪಿವಿಸಿ ಪಟ್ಟಿ, ಪಳಗಿದ ಕೈಯೊಂದು ಒಂದೇ ಅಂತರದಲ್ಲಿ ಓರೆಯಾಗಿ ಸುತ್ತಿಕೊಂಡು ಹೋದದ್ದು. ಅದರ ಒಳಮೈಯಲ್ಲಿ ತಂತಿಗಳ ಅಚ್ಚು ಗೀರುಗೀರಾಗಿ ಮೂಡಿತ್ತು. ಎಲ್ಲೂ ಆ ಅಚ್ಚು ಕದಲಿರಲಿಲ್ಲ. ಅಂದರೆ ಕಾರ್ಖಾನೆಯಲ್ಲಿ ಸುತ್ತಿದ ಮೇಲೆ ಆ ಜಾಗವನ್ನು ಯಾರೂ ಬಿಚ್ಚಿಲ್ಲ. ಬಿಚ್ಚದ ಆ ಟೇಪಿನ ಕೆಳಗೇ ಮೊದಲ ದೋಷ ಕೂತಿತ್ತು. ಹೆಡ್‌ಲೈಟಿನ ತಂತಿ ಎರಡು ಕವಲಾಗುವ ಕಡೆ ಹಿತ್ತಾಳೆಯ ತುಂಡೊಂದನ್ನು ಒತ್ತಿ ಜಂಟಿ ಮಾಡಿದ್ದಾರೆ. ಅದರಲ್ಲಿ ಒಂದು ತಂತಿಯ ಪ್ಲಾಸ್ಟಿಕ್ ಸಿಪ್ಪೆಯನ್ನು ಸಾಕಷ್ಟು ಸುಲಿದೇ ಇಲ್ಲ. ಹಿತ್ತಾಳೆ ಕಚ್ಚಿರುವುದು ಅರ್ಧ ತಾಮ್ರವನ್ನು, ಅರ್ಧ ಪ್ಲಾಸ್ಟಿಕ್ಕನ್ನು. ಒತ್ತಿದ ಉಪಕರಣದ ಹಲ್ಲಿನ ಗುರುತು ಆ ಕಟ್ಟಿನ ಉಳಿದ ಜಂಟಿಗಳ ಮೇಲಿನ ಗುರುತಿಗೆ ಸರಿಯಾಗಿ ಹೊಂದುತ್ತಿತ್ತು. ಒಂದೇ ಯಂತ್ರ, ಒಂದೇ ಕಾರ್ಖಾನೆ.

ಎರಡನೆಯದು ಅರ್ಥ್. ಕ್ಯಾಬಿನ್ನಿನ ಅರ್ಥ್ ತಂತಿಯ ಉಂಗುರದ ಥಿಂಬಲ್ಲನ್ನು ತಗಡಿಗೆ ಬೋಲ್ಟ್ ಹಾಕಿ ಬಿಗಿದಿದ್ದರು. ಬಿಚ್ಚಿ ನೋಡಿದರೆ ಅದರ ಕೆಳಗೆ ಹೊಳೆಯುವ ಬಣ್ಣ, ಮೂಲ ಬಣ್ಣ, ಅದರ ಕೆಳಗಿನ ಪ್ರೈಮರ್ ಸಮೇತ. ಲಾರಿಗೆ ಆಮೇಲೆ ಬಳಿದ ಬಣ್ಣ ಥಿಂಬಲ್ಲಿನ ಮೇಲಿತ್ತು, ಕೆಳಗಿರಲಿಲ್ಲ. ಬಣ್ಣ ಒಳ್ಳೆಯ ನಿರೋಧಕ. ಕರೆಂಟು ಹಾದು ಹೋಗಬೇಕಾದ ಅಗಲವಾದ ಉಂಗುರವೆಲ್ಲ ವ್ಯರ್ಥವಾಗಿ, ಬೋಲ್ಟಿನ ಮರೆಯೊಂದೇ ದಾರಿಯಾಗಿ ಉಳಿದಿತ್ತು. ಅಲ್ಲಿ ತಗಡನ್ನು ಕಚ್ಚುವ ಹಲ್ಲುವಾಷರ್ ಇರಬೇಕಿತ್ತು, ಇರಲಿಲ್ಲ.

ಮೂರನೆಯದನ್ನು ಕಂಡುಹಿಡಿದವನು ಮೇಸ್ತ್ರಿಯ ಕೈಕೆಳಗಿನ ಹುಡುಗ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯಲ್ಲಿ ತಂತಿ ದಾಟಲು ಮೂರು ತೂತುಗಳಿವೆ. ಎರಡರಲ್ಲಿ ರಬ್ಬರ್ ಬುಷ್ ಒಣಗಿ ಕಲ್ಲಾಗಿ ಕೂತಿತ್ತು. ಅವನ್ನು ಕಿತ್ತಾಗ ಸುತ್ತ ಧೂಳು ಮುಟ್ಟದ ಶುಭ್ರವಾದ ಬಳೆಯಾಕಾರದ ಗುರುತು ಕಂಡಿತು. ಮೂರನೆಯ ತೂತಿನಲ್ಲಿ ಬುಷ್ ಇಲ್ಲ. ಬಿದ್ದುಹೋಗಿರಬಹುದಲ್ಲ ಎಂದರೆ, ಸುತ್ತ ಬಳೆಯ ಗುರುತೂ ಇಲ್ಲ. ಅಲ್ಲಿ ಬುಷ್ ಎಂದೂ ಇರಲೇ ಇಲ್ಲ. ಬರಿಯ ತಗಡಿನ ಅಂಚು ಇಷ್ಟು ವರ್ಷವೂ ತಂತಿಕಟ್ಟನ್ನು ಉಜ್ಜುತ್ತ ಬಂದು, ಟೇಪನ್ನು ದಾಟಿ, ಫ್ಯೂಸಿಲ್ಲದ ಮುಖ್ಯ ತಂತಿಯ ಸಿಪ್ಪೆಯನ್ನು ಅರ್ಧಕ್ಕೂ ಹೆಚ್ಚು ಸವೆಸಿತ್ತು.

ಈಗ ಲೆಕ್ಕ. ಶುದ್ಧ ತಾಮ್ರದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ, ಒಂದು ಮೀಟರ್ ಉದ್ದದ ತಂತಿಯ ರೋಧ ಸುಮಾರು 0.017 ಓಮ್. ತೀರ ಕಡಿಮೆ ಎನಿಸುತ್ತದೆ. 60 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬುಗಳು 12 ವೋಲ್ಟಿನಲ್ಲಿ ಎಳೆಯುವ ಕರೆಂಟು 10 ಆಂಪಿಯರ್. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಡಿಪ್ಪರಿಗೆ, ಮತ್ತೆ ಮುಂದಕ್ಕೆ ಬಲ್ಬಿನವರೆಗೆ ತಂತಿ ಸುಮಾರು 6 ಮೀಟರ್ ಸುತ್ತುತ್ತದೆ. ಆ ತಂತಿ ಈ ಲಾರಿಯಲ್ಲಿದ್ದಂತೆ 0.3 ಮಿಲಿಮೀಟರಿನ 14 ಎಳೆಗಳದ್ದಾದರೆ ಅಡ್ಡಕೊಯ್ತ ಹೆಚ್ಚುಕಡಿಮೆ ಒಂದು ಚದರ ಮಿಲಿಮೀಟರ್. ರೋಧ 0.1 ಓಮ್, ದಾರಿಯಲ್ಲೇ ಕಳೆದುಹೋಗುವುದು 1 ವೋಲ್ಟ್. 2.5 ಚದರ ಮಿಲಿಮೀಟರಿನ ತಂತಿ ಹಾಕಿದ್ದರೆ ನಷ್ಟ 0.4 ವೋಲ್ಟಿನ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ತೆಳು ತಂತಿಯ ಈ ನಷ್ಟಕ್ಕೆ ಅರೆಕಚ್ಚಿದ ಜಂಟಿಯದೂ ಬಣ್ಣದ ಮೇಲಿನ ಅರ್ಥಿನದೂ ಸೇರಿ ಇನ್ನೊಂದು ವೋಲ್ಟ್ ಹೋಯಿತೆನ್ನಿ. ಆಲ್ಟರ್ನೇಟರ್ ಓಡುವಾಗ ಇರುವ 13.5 ವೋಲ್ಟಿನಲ್ಲಿ ಬಲ್ಬಿಗೆ ಮುಟ್ಟುವುದು 11.5.

ಶೇಕಡ 15ರಷ್ಟೇ ಹೋಯಿತಲ್ಲ, ಅದರಿಂದ ಏನಾದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬಿಸಿಯಾಗಿ ಬೆಳಗುವ ಟಂಗ್‌ಸ್ಟನ್ ಎಳೆಯ ಬೆಳಕು ವೋಲ್ಟೇಜಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ. ಅದು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಎಳೆ ಸ್ವಲ್ಪ ತಣ್ಣಗಾದರೂ ಅದರ ಶಕ್ತಿಯ ದೊಡ್ಡ ಪಾಲು ಕಣ್ಣಿಗೆ ಕಾಣದ ಅವಕೆಂಪಿಗೆ ಸರಿದುಬಿಡುತ್ತದೆ. ಉಳಿದ ಬೆಳಕು ಹಳದಿಗೆ ತಿರುಗುತ್ತದೆ. ಶೇಕಡ 10ರಷ್ಟು ವೋಲ್ಟೇಜ್ ಇಳಿದರೆ ಬೆಳಕು ಶೇಕಡ 30ರಷ್ಟು ಇಳಿಯುತ್ತದೆ. ನಮ್ಮ ಲೆಕ್ಕದ ಶೇಕಡ 15ಕ್ಕೆ, ಶೇಕಡ 40ಕ್ಕೂ ಹೆಚ್ಚು ಬೆಳಕು ಮಾಯ. ಬೀರೂರು ದಾಟಿದ ಕತ್ತಲೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಲಾರಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ದೀಪವಿಲ್ಲದ ಎತ್ತಿನಗಾಡಿಯೋ, ನಿಂತ ಟ್ರಾಕ್ಟರ್ ಟ್ರೇಲರೋ ಒಂದು ಸೆಕೆಂಡು ತಡವಾಗಿ ಕಂಡರೆ ಆಗುವುದೇನೆಂದು ಆ ರಸ್ತೆಯ ಜನಕ್ಕೆ ಗೊತ್ತು.

ಮಂಕು ಬೆಳಕಿಗೆ ಡ್ರೈವರುಗಳು ಕಂಡುಕೊಂಡ ಪರಿಹಾರ 100 ವ್ಯಾಟಿನ ಬಲ್ಬು. ಇದು ರೋಗವನ್ನು ಬೆಳೆಸುವ ಮದ್ದು. ಕರೆಂಟು 10ರಿಂದ ಸುಮಾರು 17 ಆಂಪಿಯರಿಗೆ ಏರಿದರೆ ದಾರಿಯಲ್ಲಿ ಕಳೆಯುವ ವೋಲ್ಟೇಜೂ ಅಷ್ಟೇ ಪಟ್ಟು ಏರುತ್ತದೆ. ತಂತಿಯಲ್ಲೂ ಜಂಟಿಯಲ್ಲೂ ಹುಟ್ಟುವ ಶಾಖವಂತೂ ಕರೆಂಟಿನ ವರ್ಗಕ್ಕೆ ತಕ್ಕಂತೆ, ಹೆಚ್ಚುಕಡಿಮೆ 2.8 ಪಟ್ಟು. ಎದುರಿನವರ ಕಣ್ಣಿಗೆ ಹೊಡೆಯುವುದು ಬೇರೆ.

ಜಂಟಿಯ ವಿಷಯ ತಂತಿಗಿಂತ ಸೂಕ್ಷ್ಮ. ಎರಡು ಲೋಹಗಳನ್ನು ಒತ್ತಿಹಿಡಿದಾಗ ಅವು ಮೈತುಂಬ ಮುಟ್ಟಿದಂತೆ ಕಾಣುತ್ತವೆ, ನಿಜವಾಗಿ ಮುಟ್ಟುವುದು ಕೆಲವೇ ಸೂಕ್ಷ್ಮ ಉಬ್ಬುಗಳ ತುದಿಯಲ್ಲಿ. ಸ್ವೀಡನ್ನಿನ ಭೌತವಿಜ್ಞಾನಿ ರಾಗ್ನರ್ ಹೋಮ್ ಇದನ್ನೇ ಬದುಕಿನ ಕೆಲಸವಾಗಿಸಿಕೊಂಡು 1941ರಲ್ಲಿ ಜರ್ಮನ್ ಭಾಷೆಯಲ್ಲಿ ವಿದ್ಯುತ್ ಸಂಪರ್ಕಗಳ ಮೇಲೆ ಪುಸ್ತಕ ಬರೆದರು. ತಂತಿಯಗಲ ಹರಿದುಬಂದ ಕರೆಂಟೆಲ್ಲ ಆ ಕೆಲವು ಬಿಂದುಗಳಲ್ಲಿ ಇರುಕಿ ಹಾಯಬೇಕು. ಕಡೂರಿನ ಮದಗದ ಕೆರೆ ಎಷ್ಟೇ ದೊಡ್ಡದಿರಲಿ, ನೀರು ಹೊರಬರುವುದು ತೂಬಿನ ಅಳತೆಯಷ್ಟೇ. ಸಂಪರ್ಕದ ಬಿಂದುಗಳೂ ಅಂಥ ತೂಬುಗಳು. ಅಲ್ಲಿ ಆಕ್ಸೈಡ್ ಪದರ ಕಟ್ಟಿದರೆ ತೂಬು ಇನ್ನೂ ಕಿರಿದಾಗುತ್ತದೆ.

ಚೆನ್ನಾಗಿ ಒತ್ತಿದ ಜಂಟಿಯಲ್ಲಿ ಏನಾಗುತ್ತದೆಂದರೆ, ಸರಿಯಾದ ಅಚ್ಚು ಸರಿಯಾದ ಬಲದಿಂದ ಒತ್ತಿದಾಗ ದುಂಡನೆಯ ತಾಮ್ರದ ಎಳೆಗಳು ಒಂದಕ್ಕೊಂದು ಅದುಮಿಕೊಂಡು ಬಹುಭುಜಗಳಾಗುತ್ತವೆ, ನಡುವಿನ ಸಂದುಗಳೆಲ್ಲ ಮುಚ್ಚಿಹೋಗುತ್ತವೆ. ಮೇಲ್ಮೈಯ ಆಕ್ಸೈಡ್ ಒಡೆದು, ಲೋಹಕ್ಕೆ ಲೋಹ ನೇರವಾಗಿ ಬೆಸೆದುಕೊಳ್ಳುತ್ತದೆ. ಶಾಖವಿಲ್ಲದ ಬೆಸುಗೆ ಇದು. ಒಳಕ್ಕೆ ಗಾಳಿಯೇ ಹೋಗದ ಮೇಲೆ ತುಕ್ಕು ಹಿಡಿಯುವ ಮಾತೆಲ್ಲಿ? ಅಂಥ ಜಂಟಿಯ ರೋಧ ಒಂದು ಮಿಲಿಓಮಿಗಿಂತ ಕಡಿಮೆ, ದಶಕಗಳ ಕಾಲ ಹಾಗೆಯೇ ಇರಬಲ್ಲದು. ಒಳ್ಳೆಯ ಕಾರ್ಖಾನೆಗಳು ಒತ್ತಿದ ಜಂಟಿಯ ಎತ್ತರವನ್ನು ಮೈಕ್ರೋಮೀಟರಿನಲ್ಲಿ ಅಳೆಯುತ್ತವೆ, ಮಾದರಿಗಳನ್ನು ಎಳೆದು ಎಷ್ಟು ಬಲಕ್ಕೆ ಕಿತ್ತು ಬರುತ್ತದೆಂದು ನೋಡುತ್ತವೆ, ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತವೆ. ಬೆಸುಗೆಗಿಂತ ಒತ್ತುಜಂಟಿಯೇ ವಾಹನಕ್ಕೆ ಒಳ್ಳೆಯದೆಂಬ ಮಾತಿಗೂ ಕಾರಣವಿದೆ. ಕರಗಿದ ಸೀಸ ಎಳೆಗಳ ನಡುವೆ ಮೇಲೇರಿ ತಂತಿಯನ್ನು ಕಡ್ಡಿಯಂತೆ ಬಿರುಸು ಮಾಡುತ್ತದೆ, ಲಾರಿಯ ಅದುರಾಟಕ್ಕೆ ಆ ಬಿರುಸಿನ ಅಂಚಿನಲ್ಲೇ ಎಳೆಗಳು ಮುರಿಯುತ್ತವೆ.

ನಮ್ಮ ಲಾರಿಯ ಜಂಟಿ ಹುಟ್ಟಿದ್ದೇ ಸಡಿಲವಾಗಿ. ಪ್ಲಾಸ್ಟಿಕ್ ಸೇರಿಕೊಂಡದ್ದರಿಂದ ತಾಮ್ರದ ಮೇಲೆ ಬಲ ಬೀಳಲಿಲ್ಲ, ಸಂದು ಉಳಿಯಿತು. ಹೊಸದರಲ್ಲಿ ಅದೂ ಕೆಲಸ ಮಾಡಿತು, ಕಾರ್ಖಾನೆಯ ಗೇಟಿನಲ್ಲಿ ದೀಪ ಹೊತ್ತಿತು, ಲಾರಿ ಪಾಸಾಯಿತು. ಆಮೇಲೆ ಒಂದು ಚಕ್ರ ಶುರು. ಸಂದಿನಲ್ಲಿ ಗಾಳಿ, ತೇವ, ಅದುರಾಟಕ್ಕೆ ಎಳೆಗಳು ಹಿತ್ತಾಳೆಯ ಮೇಲೆ ಕೂದಲೆಳೆಯಷ್ಟು ಉಜ್ಜಾಡಿ ಆಕ್ಸೈಡಿನ ಪುಡಿ, ರೋಧ ಹೆಚ್ಚಳ, ಶಾಖ, ಶಾಖಕ್ಕೆ ಹಿತ್ತಾಳೆಯ ಬಿಗಿ ಕಳೆದು ಇನ್ನಷ್ಟು ಸಡಿಲ. ರೋಧ 0.1 ಓಮಿಗೆ ಮುಟ್ಟಿದಾಗ 10 ಆಂಪಿಯರಿನಲ್ಲಿ ಅಲ್ಲಿ ಹುಟ್ಟುವುದು 10 ವ್ಯಾಟ್ ಶಾಖ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿನದು. ಅದರ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಶಾಖ ಗಾಳಿಯಾಡದ ಟೇಪಿನೊಳಗೆ, ಬೆರಳ ತುದಿಯಷ್ಟು ಜಾಗದಲ್ಲಿ. ಅಲ್ಲಿನ ಪ್ಲಾಸ್ಟಿಕ್ ಕಂದಿ, ಗರಿಗರಿಯಾಗಿ, ಮುಟ್ಟಿದರೆ ಉದುರುತ್ತಿತ್ತು. ಪಿವಿಸಿಯನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಶಾಖಕ್ಕೆ ಹಾರಿಹೋದರೆ ಆಗುವುದು ಹೀಗೆಯೇ.

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂರ ನಡುವೆ ಓಡಾಡುವ ಲಾರಿಗೆ ಇದರ ಮೇಲೊಂದು ಹವಾಮಾನದ ಹೊಡೆತವಿದೆ. ಪೂರ್ವಕ್ಕೆ ಅಜ್ಜಂಪುರದ ಬಯಲು, ಬೇಸಿಗೆಯಲ್ಲಿ ನುಣ್ಣನೆಯ ಧೂಳು. ಪಶ್ಚಿಮಕ್ಕೆ ಬಾಬಾಬುಡನ್ ಬೆಟ್ಟಸಾಲಿನ ಮಗ್ಗುಲಿಗೆ ತರೀಕೆರೆ, ಅಲ್ಲಿಂದ ಲಕ್ಕವಳ್ಳಿಯ ಕಡೆ ಹೋದಷ್ಟೂ ಮಳೆ. ಹಗಲು ಕಾದ ತಂತಿಯ ಸಿಪ್ಪೆಯೊಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ಸಂಜೆ ಮಳೆಗೆ ತಣ್ಣಗಾದಾಗ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಮ್ಮೆ ಒಳಹೊಕ್ಕ ನೀರು ಎಳೆಗಳ ನಡುವಿನ ಸಂದುಗಳಲ್ಲಿ ತಾನೇ ತಾನಾಗಿ ಏರುತ್ತ ಹೋಗುತ್ತದೆ. ತುದಿಯಿಂದ ಒಂದಡಿ ಆಚೆಗೂ ತಾಮ್ರ ಕಪ್ಪಾಗಿರುವುದು ಈ ಕಾರಣಕ್ಕೆ. ಗೊಬ್ಬರದ ಬಾಡಿಗೆ ಹೊಡೆದ ಲಾರಿಯಾದರೆ ಪೊಟ್ಯಾಷ್ ಧೂಳಿನ ಕ್ಲೋರೈಡ್ ಸೇರಿ ತುಕ್ಕಿನ ಕೆಲಸ ಇನ್ನೂ ಚುರುಕು. ಚೆನ್ನಾಗಿ ಒತ್ತಿದ ಪಕ್ಕದ ಜಂಟಿಗಳು ಇದೇ ಮಳೆ, ಇದೇ ಧೂಳನ್ನು ಉಂಡೂ ಒಳಗೆ ಕೆಂಪಗೆ ಹೊಳೆಯುತ್ತಿದ್ದವು. ವಯಸ್ಸಿನ ಮೇಲೆ ತಪ್ಪು ಹೊರಿಸುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಉಳಿದ ಎರಡು ದೂರುಗಳೂ ಅರ್ಥಿನ ಕಡೆಗೇ ಬೆರಳು ತೋರುತ್ತವೆ. ವಾಹನದಲ್ಲಿ ಬಲ್ಬಿನಿಂದ ಬ್ಯಾಟರಿಗೆ ಮರಳುವ ದಾರಿ ಚಾಸಿಯ ಉಕ್ಕೇ. ತಾಮ್ರ ಉಳಿಯುತ್ತದೆ, ತೂಕ ಉಳಿಯುತ್ತದೆ. ಆದರೆ ಕ್ಯಾಬಿನ್ ಕೂತಿರುವುದು ರಬ್ಬರಿನ ಮೇಲೆ, ಎಂಜಿನ್ ಕೂತಿರುವುದೂ ರಬ್ಬರಿನ ಮೇಲೆ. ಅವೆರಡನ್ನೂ ಚಾಸಿಗೆ ಜೋಡಿಸುವುದು ಹೆಣೆದ ತಾಮ್ರದ ಪಟ್ಟಿ ಮಾತ್ರ. ಆ ಪಟ್ಟಿಯ ತುದಿಯೂ ಇಲ್ಲಿ ಬಣ್ಣದ ಮೇಲೇ ಕೂತಿತ್ತು. ಸೆಲ್ಫ್ ಮೋಟಾರು ಎಳೆಯುವ ಇನ್ನೂರು ಮುನ್ನೂರು ಆಂಪಿಯರ್ ಕರೆಂಟು ಹೇಗಾದರೂ ಮರಳಲೇಬೇಕು. ನೇರ ದಾರಿ ಕಟ್ಟಿದ್ದರೆ, ಎಂಜಿನ್ನನ್ನೂ ಕ್ಯಾಬಿನ್ನನ್ನೂ ಮುಟ್ಟಿಕೊಂಡಿರುವ ಲೋಹದ ವಸ್ತು ಯಾವುದಿದೆಯೋ ಅದರೊಳಗೆ ನುಗ್ಗುತ್ತದೆ. ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತಿದ್ದುದು ಹಾಗೆ. ಹಿಂದಿನ ದೀಪಗಳ ಕಥೆಯೂ ಅದೇ. ಬ್ರೇಕ್ ಬಲ್ಬು, ಪಾರ್ಕಿಂಗ್ ಬಲ್ಬು, ಇಂಡಿಕೇಟರ್ ಮೂರಕ್ಕೂ ಒಂದೇ ಅರ್ಥ್. ಅದು ಕೆಟ್ಟರೆ ಬ್ರೇಕ್ ಬಲ್ಬಿನ ಕರೆಂಟು ಪಾರ್ಕಿಂಗ್ ಬಲ್ಬಿನ ಎಳೆಯನ್ನು ಹಿಮ್ಮುಖವಾಗಿ ಹಾದು, ಆ ತಂತಿಗುಂಟ ಮುಂದಿನ ದೀಪಗಳಿಗೆ ಹೋಗಿ, ಅಲ್ಲಿ ನೆಲ ಹುಡುಕಿಕೊಳ್ಳುತ್ತದೆ. ಈ ಆಟವನ್ನು ನೋಡಿ ಸ್ವಿಚ್ಚು, ಫ್ಲ್ಯಾಷರು, ಬಲ್ಬು ಬದಲಿಸಿ ದುಡ್ಡು ಕಳೆದುಕೊಂಡವರು ನಮ್ಮ ರಸ್ತೆಗಳಲ್ಲಿ ಕಡಿಮೆಯಿಲ್ಲ.

ಹಾಗಾದರೆ ಇಷ್ಟು ವರ್ಷ ಯಾರಿಗೂ ಏಕೆ ಸಿಗಲಿಲ್ಲ? ಅಳೆಯುವ ಕ್ರಮ ತಪ್ಪಿದ್ದರಿಂದ. ಮಲ್ಟಿಮೀಟರನ್ನು ಬೀಪ್ ಗುರುತಿಗೆ ಇಟ್ಟು ತಂತಿಯ ಎರಡು ತುದಿ ಮುಟ್ಟಿಸಿದರೆ ಅದು ಕಳಿಸುವುದು ಕೆಲವೇ ಮಿಲಿಆಂಪಿಯರ್. ಒಂದೇ ಒಂದು ಎಳೆ ಮುಟ್ಟಿದ್ದರೂ ಬೀಪ್ ಎನ್ನುತ್ತದೆ. 0.1 ಓಮ್ ರೋಧ ಮೀಟರಿನ ತಂತಿಗಳ ಸ್ವಂತ ರೋಧದಲ್ಲೇ ಮುಚ್ಚಿಹೋಗುತ್ತದೆ. ನಮ್ಮ ಹಳೆಯ ಎಲೆಕ್ಟ್ರಿಷಿಯನ್ನುಗಳು ಜೇಬಿನಲ್ಲಿಟ್ಟುಕೊಳ್ಳುವ ಟೆಸ್ಟ್ ಲ್ಯಾಂಪ್, ಅಂದರೆ ಎರಡು ತಂತಿ ಬೆಸೆದ ಬ್ರೇಕ್ ಬಲ್ಬು, ಈ ವಿಷಯದಲ್ಲಿ ಮೀಟರಿಗಿಂತ ಮೇಲು. 21 ವ್ಯಾಟಿನ ಆ ಬಲ್ಬು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಜಂಟಿಯಲ್ಲಿ ಒಂದು ಓಮಿನಷ್ಟು ರೋಧವಿದ್ದರೆ ಬಲ್ಬು ಕಣ್ಣಿಗೆ ಕಾಣುವಷ್ಟು ಮಂಕಾಗುತ್ತದೆ. ಓದು ಬರಹ ಕಡಿಮೆಯಿದ್ದವರ ಕೈಯ ಈ ಉಪಕರಣದಲ್ಲಿ ಓಮ್ ನಿಯಮದ ಸರಿಯಾದ ತಿಳಿವಳಿಕೆಯಿದೆ ಎಂದು ನಾನು ನಂಬುತ್ತೇನೆ.

ಅದಕ್ಕೂ ಸೂಕ್ಷ್ಮವಾದ ವಿಧಾನ ವೋಲ್ಟೇಜ್ ಡ್ರಾಪ್ ನೋಡುವುದು. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟು ಉರಿಯುತ್ತಿರಲಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಮೇಲೂ ಇನ್ನೊಂದನ್ನು ಬಲ್ಬಿನ ಪ್ಲಸ್ ತುದಿಯ ಮೇಲೂ ಹಿಡಿದರೆ, ಬರುವ ಅಂಕಿಯೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜು. ಹಾಗೆಯೇ ಬ್ಯಾಟರಿಯ ಮೈನಸ್ಸಿನಿಂದ ಬಲ್ಬಿನ ಅರ್ಥಿಗೆ. ಕಡ್ಡಿಯನ್ನು ಜಂಟಿಯಿಂದ ಜಂಟಿಗೆ ಸರಿಸುತ್ತ ಹೋದರೆ ಕಳ್ಳ ತಾನಾಗಿ ಸಿಗುತ್ತಾನೆ. ಮೊದಲೇ ಎಲ್ಲವನ್ನೂ ಬಿಚ್ಚಬೇಕಿಲ್ಲ.

ಸವೆದ ಮುಖ್ಯ ತಂತಿಯ ವಿಷಯ ಬೇರೆ, ಅದು ಬೆಂಕಿಯ ವಿಷಯ. ಫ್ಯೂಸ್ ಇರುವುದು ಬಲ್ಬು ಉಳಿಸಲೆಂದು ಬಹಳ ಜನ ತಿಳಿದಿದ್ದಾರೆ. ಅದು ಇರುವುದು ತಂತಿಯನ್ನು ಉಳಿಸಲು, ತಂತಿ ತಡೆಯುವಷ್ಟಕ್ಕಿಂತ ಹೆಚ್ಚು ಕರೆಂಟು ಹರಿದರೆ ತಾನು ಮೊದಲು ಸಾಯಲು. ಹಳೆಯ ಎಷ್ಟೋ ವಾಹನಗಳಲ್ಲಿ ಬ್ಯಾಟರಿಯಿಂದ ಸ್ವಿಚ್ಚಿನವರೆಗಿನ ಮುಖ್ಯ ತಂತಿಗೆ ಫ್ಯೂಸೇ ಇಲ್ಲ. ಆ ತಂತಿ ತಗಡಿಗೆ ತಾಗಿದರೆ ಲಾರಿಯ ಬ್ಯಾಟರಿ ಕೊಡಬಲ್ಲ ಕರೆಂಟು ಸಾವಿರ ಆಂಪಿಯರ್ ದಾಟಬಹುದು. ಕೆಲವೇ ಸೆಕೆಂಡಿನಲ್ಲಿ ತಂತಿ ಕೆಂಪಗೆ ಕಾದು, ಪಕ್ಕದ ತಂತಿಗಳ ಸಿಪ್ಪೆಯನ್ನೂ ಹೊತ್ತಿಸಿ, ಪಿವಿಸಿಯಿಂದ ಉಸಿರುಗಟ್ಟಿಸುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಎಬ್ಬಿಸುತ್ತದೆ. ಕೆಲವು ರೂಪಾಯಿಯ ರಬ್ಬರ್ ಬುಷ್ ಹಾಕದೆ ಬಿಟ್ಟ ಆ ಕೈಯ ಮೇಲೆ ನನಗೆ ಸಿಟ್ಟಿದೆ. ಅದಕ್ಕಿಂತ ಹೆಚ್ಚಿನ ಸಿಟ್ಟು, ಹಾಕಿದೆಯೇ ಎಂದು ನೋಡದೆ ಲಾರಿಯನ್ನು ಮುಂದಕ್ಕೆ ಬಿಟ್ಟ ವ್ಯವಸ್ಥೆಯ ಮೇಲೆ.

ಏಕೆಂದರೆ ವಾಹನದ ವೈರಿಂಗ್ ಇವತ್ತಿಗೂ ಬಹುಪಾಲು ಕೈಕೆಲಸ. ಎಂಜಿನ್ನಿನ ಬ್ಲಾಕನ್ನು ಯಂತ್ರ ಕೊರೆಯುತ್ತದೆ, ಬಾಡಿಯನ್ನು ರೋಬಾಟ್ ಬೆಸೆಯುತ್ತದೆ. ಬಳುಕುವ ನೂರಾರು ತಂತಿಗಳನ್ನು ಹಲಗೆಯ ಮೊಳೆಗಳ ಮೇಲೆ ಹಾಸಿ, ಕವಲೊಡೆಸಿ, ಟೇಪು ಸುತ್ತುವುದು ಮಾತ್ರ ಮನುಷ್ಯರ ಬೆರಳು. 2022ರಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಾಳಿ ಮಾಡಿದಾಗ ಜರ್ಮನಿಯ ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು ಕಾರ್ಖಾನೆಗಳು ಕೆಲಸ ನಿಲ್ಲಿಸಬೇಕಾಯಿತು. ತಂತಿಕಟ್ಟು ಕಟ್ಟುವ ಯುಕ್ರೇನಿನ ಘಟಕಗಳು ಮುಚ್ಚಿದ್ದವು. ಇಷ್ಟು ಮುಖ್ಯವಾದ ಕೆಲಸಕ್ಕೆ ಸಲ್ಲಬೇಕಾದ ಗಮನ ಸಲ್ಲದಿದ್ದರೆ ದೊಡ್ಡವರೂ ಎಡವುತ್ತಾರೆ. ಏರ್‌ಬಸ್ ಎ380 ವಿಮಾನದಲ್ಲಿ ಸುಮಾರು 530 ಕಿಲೋಮೀಟರ್ ತಂತಿಯಿದೆ. ಹ್ಯಾಂಬರ್ಗ್ ಮತ್ತು ಟುಲೂಸ್‌ನ ಎಂಜಿನಿಯರುಗಳು ವಿನ್ಯಾಸ ತಂತ್ರಾಂಶದ ಬೇರೆ ಬೇರೆ ಆವೃತ್ತಿ ಬಳಸಿದ್ದರಿಂದ ತಂತಿಗಳು ಬಾಗುವಲ್ಲಿ ಕೆಲವು ಸೆಂಟಿಮೀಟರ್ ಗಿಡ್ಡವಾಗಿ, 2006ರಲ್ಲಿ ಇಡೀ ಯೋಜನೆ ವರ್ಷಗಟ್ಟಲೆ ಹಿಂದೆ ಬಿತ್ತು. 1967ರ ಜನವರಿ 27ರಂದು ಅಪೋಲೋ 1ರ ಮೂವರು ಗಗನಯಾತ್ರಿಗಳು ನೆಲದ ಮೇಲಿನ ಪರೀಕ್ಷೆಯಲ್ಲೇ ಬೆಂಕಿಗೆ ಸಿಕ್ಕಿ ಸತ್ತಾಗ, ತನಿಖೆ ನಡೆಸಿದ ಮಂಡಳಿ ಬೆಂಕಿಯ ಮೂಲದ ಬಗ್ಗೆ ವೈರಿಂಗಿನ ಕಡೆಗೇ ಬೊಟ್ಟು ಮಾಡಿ, ಅದರ ವಿನ್ಯಾಸ ಮತ್ತು ಕೆಲಸಗಾರಿಕೆಯ ಲೋಪಗಳನ್ನು ದಾಖಲಿಸಿತು.

ಕಡೂರಿನ ಮೇಸ್ತ್ರಿ ಲಾರಿಗೆ ಮಾಡಿದ ರಿಪೇರಿ ಸರಳ. ಹೆಡ್‌ಲೈಟಿಗೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಟ್ಟು ನಿಲ್ಲಿಸುವ ಸ್ವಿಚ್ಚು, ಹಾಕಿದರು. ರಿಲೇಯ ಕೆಳಗೆ 30, 85, 86, 87 ಎಂಬ ಅಂಕಿಗಳಿರುತ್ತವೆ, ಜರ್ಮನಿಯ ಡಿಐಎನ್ 72552 ಎಂಬ ಮಾನಕದಿಂದ ಬಂದವು. 30ಕ್ಕೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ತಂತಿ, 87ರಿಂದ ಬಲ್ಬಿಗೆ, 85 ಮತ್ತು 86 ಒಳಗಿನ ಸುರುಳಿಗೆ. ಈಗ ಡ್ಯಾಶ್‌ಬೋರ್ಡಿನ ಸ್ವಿಚ್ಚು ಹೊರಬೇಕಾದ್ದು ಸುರುಳಿಯ ಅಲ್ಪ ಕರೆಂಟನ್ನಷ್ಟೇ. ಅರ್ಥ್ ಬಿಂದುಗಳಲ್ಲಿ ಬಣ್ಣ ಕೆರೆದು, ಹಲ್ಲುವಾಷರ್ ಹಾಕಿ, ಬಿಗಿದು, ಮೇಲೆ ಗ್ರೀಸ್ ಬಳಿದರು. ಗ್ರೀಸ್ ಬಿಗಿದ ಮೇಲೆ, ಮೊದಲಲ್ಲ. ತೂತಿಗೆ ರಬ್ಬರ್ ಬುಷ್ ಬಂತು, ಮುಖ್ಯ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಬಂತು. ಹೊಸ ಬಲ್ಬು ಹಾಕಲಿಲ್ಲ, ಹಳೆಯ 60 ವ್ಯಾಟಿನದೇ ಬೆಳ್ಳಗೆ ಉರಿಯಿತು.

ಕಾನೂನಿನಿಂದ ಇಂಥ ಲಾರಿಗೆ ನೆರವು ಸಿಗುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಕಲಮು, ತಯಾರಿಕೆಯ ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸಿಕೊಡುವಂತೆ ಕಂಪನಿಗಳಿಗೆ ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಆದರೆ 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮ ಏಳು ವರ್ಷದೊಳಗಿನ ವಾಹನಗಳಿಗಷ್ಟೇ ಅನ್ವಯ. ಸಡಿಲ ಜಂಟಿ ತನ್ನ ಬಣ್ಣ ತೋರಿಸುವ ಹೊತ್ತಿಗೆ ಆ ಗಡುವು ದಾಟಿರುತ್ತದೆ. ಏಳು ವರ್ಷದ ಈ ಮಿತಿ ವೈರಿಂಗಿನ ಮಟ್ಟಿಗಾದರೂ ಸಡಿಲವಾಗಬೇಕು.

ಎಂಟು ವರ್ಷ ದಾಟಿದ ಲಾರಿಗೆ ವರ್ಷವರ್ಷವೂ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಲೇಬೇಕು. ಮುಂದಿನ ಸಲ ಎಫ್‌ಸಿಗೆ ಗಾಡಿ ಬಿಡುವ ಮುನ್ನ, ಲಾರಿ ಇಟ್ಟುಕೊಂಡವರು ಎಲೆಕ್ಟ್ರಿಷಿಯನ್ನಿಗೆ ಹೇಳಿ ದೀಪ ಉರಿಯುತ್ತಿರುವಾಗಲೇ ಪ್ಲಸ್ ಕಡೆಯೂ ಅರ್ಥ್ ಕಡೆಯೂ ವೋಲ್ಟೇಜ್ ಡ್ರಾಪ್ ನೋಡಿಸಿ. ಯಾವ ಕಡೆ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೂ ಬಲ್ಬು ಬದಲಿಸಬೇಡಿ, ಟೇಪು ಬಿಚ್ಚಿಸಿ.